ಬೆತ್ಲೆಹೇಮಿಗೆ ಹೋದ ಪಟ್ಟದ ರಾಜ

ಮೊನ್ನೆ ಬನಶಂಕರಿ ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಹ್ಯಾಂಡ್‌ಬ್ಯಾಗು ತಪಾಸಣೆಯ ಯಂತ್ರದೊಳಗೆ ಹೋಗಿ ಹೊರಗೆ ಬರಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಿತು. ಪರದೆಯ ಮುಂದೆ ಕೂತಿದ್ದ ಹುಡುಗಿ ಅದನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಓಡಿಸಿ, ಕೊನೆಗೆ ನನ್ನ ಕಡೆ ತಿರುಗಿದಳು.

“ಮೇಡಂ, ಒಳಗೆ ಯಾರಿದಾರೆ?”

ಏನಿದೆ ಎಂದಲ್ಲ, ಯಾರಿದ್ದಾರೆ ಎಂದೇ ಕೇಳಿದಳು. ನಾನೂ ಅಷ್ಟೇ ಸಹಜವಾಗಿ “ರಾಣಿ” ಅಂದೆ.

ಬಿಳಿ ಬಟ್ಟೆ ಬಿಚ್ಚಿ ತೋರಿಸಿದೆ. ಒಂದು ಗೇಣುದ್ದದ ಮರದ ಹೆಂಗಸು, ಹಸಿರು ಜರಿಯ ಸೀರೆ, ಮೂಗಿಗೊಂದು ಮಣಿ. ಹಿಂದೆ ನಿಂತವರು ಕತ್ತು ಉದ್ದ ಮಾಡಿದರು. ಯಾವ ಮರ ಎಂದು ಹುಡುಗಿ ಕೇಳಿದಳು. ರಕ್ತಚಂದನ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತು ಆಡಿದ್ದರೆ ನನ್ನನ್ನು ಮೆಟ್ರೋ ಸ್ಟೇಷನ್ನಿನಿಂದ ಬೇರೆ ಥರದ ಸ್ಟೇಷನ್ನಿಗೆ ಕಳಿಸುತ್ತಿದ್ದರೇನೋ. “ಹಳೇ ಮರ ಕಣಮ್ಮ, ದಸರಾ ಗೊಂಬೆ” ಅಂದೆ. ಡಿಸೆಂಬರಿನಲ್ಲಿ ದಸರಾ ಗೊಂಬೆ ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚರ್ಚಿಗೆ ಎನ್ನಬೇಕಾಗುತ್ತಿತ್ತು, ಆ ಕಥೆ ಮುಗಿಯುವಷ್ಟರಲ್ಲಿ ನಾಲ್ಕು ರೈಲು ಹೋಗಿರುತ್ತಿದ್ದವು. ನಿಮಗೆ ರೈಲು ಹಿಡಿಯುವ ಅವಸರ ಇದ್ದಂತಿಲ್ಲ, ಹಾಗಾಗಿ ನಿಮಗೆ ಹೇಳುತ್ತೇನೆ.

ನನ್ನ ಪೂರ್ತಿ ಹೆಸರು ಲೂರ್ದು ಮೇರಿ. ಶಾಲೆಯಲ್ಲಿ ಹಾಜರಿ ಕೂಗುವ ಮೇಷ್ಟ್ರು ಅದನ್ನು ಲಾರ್ಡು ಮೇರಿ ಮಾಡಿದರು, ಬೀದಿಯ ಹುಡುಗರು ಇನ್ನಷ್ಟು ಸವೆಸಿ ಲಾರಿ ಮಾಡಿದರು. ಕುಮಾರಸ್ವಾಮಿ ಲೇಔಟಿನ ನಮ್ಮ ರಸ್ತೆಯಲ್ಲಿ “ಲಾರಿ ಬಂತು” ಎಂದು ಯಾರಾದರೂ ಕೂಗಿದರೆ ಹೊಸಬರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು, ಆಮೇಲೆ ಎರಡು ಜಡೆಯ ನಾನು ಬರುತ್ತಿದ್ದೆ. ಇಂಥ ಹೆಸರಿಟ್ಟುಕೊಂಡು ಗಂಭೀರವಾಗಿ ಬೆಳೆಯುವುದು ಕಷ್ಟ.

ಭಾನುವಾರಗಳೆಲ್ಲ ಚರ್ಚಿನವು. ನಮ್ಮ ಚರ್ಚು ಜಯನಗರದ ಕಡೆಗೆ, ಮನೆಯಿಂದ ಒಂದು ಬಸ್ಸಿನ ದೂರದಲ್ಲಿತ್ತು. ಬೆಳಿಗ್ಗೆ ಮೊದಲು ಇಂಗ್ಲಿಷ್ ಪೂಜೆ, ಆಮೇಲೆ ಕನ್ನಡ ಪೂಜೆ, ಅದಾದ ಮೇಲೆ ತಮಿಳು ಪೂಜೆ. ದೇವರಿಗೆ ಮೂರು ಭಾಷೆಯೂ ಬರುತ್ತಿತ್ತು, ಸ್ಕೂಟರ್ ನಿಲ್ಲಿಸುವ ಜಾಗ ಮಾತ್ರ ಒಂದೇ ಇತ್ತು. ಒಂದು ಭಾಷೆಯವರು ಹೊರಗೆ ಬರುವಾಗ ಇನ್ನೊಂದು ಭಾಷೆಯವರು ಒಳಗೆ ನುಗ್ಗಬೇಕು. ನೆರೆಯವರನ್ನು ಪ್ರೀತಿಸಿ ಎಂದು ಒಳಗೆ ಕೇಳಿಸಿಕೊಂಡದ್ದಕ್ಕೆ ಹೊರಗಿನ ಗೇಟಿನ ಬಳಿ ಆಗಲೇ ಪರೀಕ್ಷೆ ಶುರುವಾಗುತ್ತಿತ್ತು, ಬಹಳ ಜನ ಫೇಲಾಗುತ್ತಿದ್ದರು.

ಕನ್ನಡ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿ. ಅದನ್ನು ನಡೆಸುತ್ತಿದ್ದವರು ಸಿಸ್ಟರ್ ಬೆನೆಡಿಕ್ಟಾ. ಕೈಯಲ್ಲಿ ಒಂದು ರಬ್ಬರ್ ಸ್ಟ್ಯಾಂಪು ಹಿಡಿದು ಬಾಗಿಲಲ್ಲೇ ಕೂರುತ್ತಿದ್ದರು. ಪೂಜೆಗೆ ಬಂದವರ ಕಾರ್ಡಿಗೆ ಒಂದು ಮುದ್ರೆ, ತರಗತಿಗೆ ಕೂತವರಿಗೆ ಇನ್ನೊಂದು. ವರ್ಷದ ಕೊನೆಗೆ ಕಾರ್ಡು ತುಂಬಿದವರನ್ನು ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ವರ್ಷವಿಡೀ ದೇವರ ಮಾತು ಕೇಳಿದವರಿಗೆ ಕರಡಿ ನೋಡುವ ಭಾಗ್ಯ. ನನ್ನ ಭಕ್ತಿಯ ಬಹುಭಾಗ ಆ ಕರಡಿಯ ಮೇಲೆಯೇ ನಿಂತಿತ್ತು ಎಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾವು ದಿನಾ ಹೇಳುವ ಪ್ರಾರ್ಥನೆಯೊಂದು ‘ನಮೋ ಮರಿಯೆ’ ಎಂದು ಶುರುವಾಗುತ್ತದೆ. ಅದು ಮೇರಿ ಮಾತೆಗೆ ಸಲ್ಲುವ ವಂದನೆ. ಆದರೆ ನಮ್ಮಮ್ಮ ನನ್ನನ್ನು ಮುದ್ದಿಗೆ ಮರಿ ಎಂದು ಕರೆಯುತ್ತಿದ್ದರು. ಹಾಗಾಗಿ ಏಳು ವರ್ಷದ ತನಕ ಆ ಪ್ರಾರ್ಥನೆ ನನ್ನನ್ನು ಕುರಿತದ್ದೆಂದೇ ತಿಳಿದಿದ್ದೆ. ಇಡೀ ಚರ್ಚು ನನಗೆ ನಮೋ ಎನ್ನುವಾಗ ತಲೆಯನ್ನು ತುಸು ಬಾಗಿಸಿ ಸ್ವೀಕರಿಸುತ್ತಿದ್ದೆ. ಎಷ್ಟು ವಿನಯದ ಹುಡುಗಿ ಎಂದು ಹಿರಿಯರು ಮೆಚ್ಚುತ್ತಿದ್ದರು.

ಕ್ರಿಸ್‌ಮಸ್ ನಾಟಕದಲ್ಲಿ ನಾನು ಸತತ ಮೂರು ವರ್ಷ ಕುರಿ. ದೇವದೂತೆಯಾಗಿ ಬಡ್ತಿ ಕೊಡಿ ಎಂದು ಕೇಳಿದಾಗ ಸಿಸ್ಟರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಿನ್ನ ದನಿ ಕುರಿಗೆ ಹೇಳಿ ಮಾಡ್ಸಿದ ಹಾಗಿದೆ ಮಗು” ಅಂದರು. ನಮಗಿಂತ ದೊಡ್ಡವರಿಗೆ ಯುವಜನ ಸಂಘವಿತ್ತು. ಅದರ ಮುಖ್ಯ ಕೆಲಸ ಕುರ್ಚಿ ಹೊರುವುದು. ಮದುವೆ, ತಿಥಿ, ಹಬ್ಬ, ಏನೇ ಇರಲಿ, ಇಲ್ಲಿನ ಕುರ್ಚಿ ಅಲ್ಲಿಗೆ, ಅಲ್ಲಿನದು ಇಲ್ಲಿಗೆ. ಹೀಗೆ ಒಂದೇ ಬೆಂಚಿನ ಎರಡು ತುದಿ ಹಿಡಿದು ಹೊತ್ತವರಲ್ಲಿ ಕೆಲವರು ಆಮೇಲೆ ಮದುವೆಯೂ ಆದರು. ನಾನು ಮದುವೆಯಾದವನೂ ಅಂಥ ಬೆಂಚಿನ ಇನ್ನೊಂದು ತುದಿಯಲ್ಲಿದ್ದವನೇ. ಅದು ಬೇರೆ ಕಥೆ, ಅದರಲ್ಲಿ ರಾಜರಾರೂ ಇಲ್ಲ.

ರಾಜರ ಕಥೆಗೆ ಬರೋಣ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ಮಾಡಿಡುವುದಕ್ಕೆ ನಾವು ಗೋದಲಿ ಎನ್ನುತ್ತೇವೆ. ಪ್ರತಿ ವರ್ಷ ನಮ್ಮ ಚರ್ಚಿನ ಮಕ್ಕಳಿಗೆ ಗೋದಲಿ ಸ್ಪರ್ಧೆ. ಚರ್ಚಿನ ಅಂಗಳದಲ್ಲಿ ಒಂದೊಂದು ಬಡಾವಣೆಯ ಮಕ್ಕಳದು ಒಂದೊಂದು ಗೋದಲಿ, ಕ್ರಿಸ್‌ಮಸ್ ದಿನ ಪೂಜೆಯಾದ ಮೇಲೆ ತೀರ್ಪು. ಜೆ.ಪಿ. ನಗರದವರ ಗೋದಲಿಯಲ್ಲಿ ಮೋಟಾರು ಇಟ್ಟು ನೀರು ಹರಿಸುತ್ತಿದ್ದರು. ಬೆತ್ಲೆಹೇಮಿನಲ್ಲಿ ಜಲಪಾತ ಎಲ್ಲಿತ್ತು ಎಂದು ಕೇಳುವವರಿರಲಿಲ್ಲ, ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನಮ್ಮ ಕುಮಾರಸ್ವಾಮಿ ಲೇಔಟಿನ ತಂಡದಲ್ಲಿ ಇದ್ದದ್ದು ಒಂದು ಹಳೆಯ ಗೊಂಬೆಯ ಸೆಟ್ಟು, ನಾನು, ಮತ್ತೆ ನಮ್ಮ ಬೀದಿಯ ರಾಬರ್ಟ. ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ರಾಬರ್ಟ ಸೆಟ್ಟಿನ ಡಬ್ಬವನ್ನು ಮೆಟ್ಟಿಲ ಮೇಲಿಂದ ಬೀಳಿಸಿದ. ಮೇರಿ, ಜೋಸೆಫ್, ಕತ್ತೆ, ಕುರಿಗಳೆಲ್ಲ ಉಳಿದವು. ನಕ್ಷತ್ರ ನೋಡಿಕೊಂಡು ಪೂರ್ವದಿಂದ ಬರುವ ಮೂವರು ರಾಜರಲ್ಲಿ ಒಬ್ಬರು ಪುಡಿಯಾದರು.

“ಇಬ್ರೇ ಸಾಕು ಬಿಡು ಲಾರಿ, ಇನ್ನೊಬ್ಬ ಹಿಂದೆ ಬರ್ತಾ ಇದಾನೆ ಅಂದ್ರಾಯ್ತು” ಅಂದ ರಾಬರ್ಟ.

ನನಗೆ ಸಾಕಾಗಲಿಲ್ಲ. ಆ ವರ್ಷ ಜಲಪಾತವನ್ನು ಸೋಲಿಸಬೇಕೆಂದು ಹಟ ಹಿಡಿದಿದ್ದೆ. ನನ್ನ ಬಳಿ ಒಂದು ಅಸ್ತ್ರವೂ ಇತ್ತು. ಅದು ಪಕ್ಕದ ಮನೆಯ ಪದ್ಮಾ ಆಂಟಿ ಕಲಿಸಿದ ರಾಗಿ ಪೈರು.

ಪದ್ಮಾ ಆಂಟಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟುಗೋಡೆ. ಅವರು ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರು, ದಸರಾದಲ್ಲಿ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುವವರು. ಅದರ ಪಕ್ಕದಲ್ಲಿ ತಟ್ಟೆಯಲ್ಲಿ ರಾಗಿ ಬೆಳೆಸಿ ಪಾರ್ಕು ಮಾಡುತ್ತಿದ್ದರು. ರಾಗಿ ನೆನೆಹಾಕಿ, ಮಣ್ಣಿನ ಮೇಲೆ ಚೆಲ್ಲಿ, ಎರಡು ದಿನ ಗೋಣಿಚೀಲ ಮುಚ್ಚಿಟ್ಟರೆ ಹಸಿರು ಹೇಗೆ ಏಳುತ್ತದೆ ಎಂದು ನನಗೆ ಕಲಿಸಿದ್ದು ಅವರೇ. ಅವರಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಗೊಂಬೆಯ ಸಿಪಾಯಿಗಳನ್ನು ಕ್ರಿಕೆಟ್ಟಿಗೆ ಸ್ಟಂಪು ಮಾಡಿಕೊಂಡವರು. ಹಾಗಾಗಿ ಮೆಟ್ಟಿಲಿಗೆ ಗೊಂಬೆ ಜೋಡಿಸುವಾಗ ಆಂಟಿಗೆ ನಾನೇ ಬೇಕಾಗಿತ್ತು. ಶ್ರೀನಿವಾಸ ಅಂಕಲ್ ಬ್ಯಾಂಕಿನವರು, ಆಗ ವರ್ಗವಾಗಿ ಶಿವಮೊಗ್ಗದಲ್ಲಿದ್ದರು, ಶನಿವಾರ ಸಂಜೆ ಬಂದು ಭಾನುವಾರ ಹೊರಡುತ್ತಿದ್ದರು.

ಒಬ್ಬ ರಾಜ ಬೇಕು ಎಂದು ಕೇಳಿದ ಕೂಡಲೇ ಆಂಟಿ ಮಂಚದ ಕೆಳಗಿನ ಟ್ರಂಕು ಎಳೆದರು.

“ಶೆಟ್ರನ್ನ ತಗೋ, ಬ್ಯಾಂಡ್‌ಸೆಟ್ಟವರನ್ನ ತಗೋ, ಯಾರು ಬೇಕೋ ಕರ್ಕೊಂಡು ಹೋಗು. ಈ ಪಟ್ಟದ ಗೊಂಬೆ ಮಾತ್ರ ಮುಟ್ಬೇಡ” ಅಂದರು.

ಬಿಳಿ ಬಟ್ಟೆಯ ಮೇಲೆ ರಾಜ, ರಾಣಿ ಪಕ್ಕಪಕ್ಕ ಮಲಗಿದ್ದರು. ಮದುವೆಯಲ್ಲಿ ತಾಯಿ ಮಗಳಿಗೆ ಕೊಟ್ಟು ಕಳಿಸುವ ಜೋಡಿ ಅದು. ದಸರಾದ ಮೊದಲ ದಿನ ಪಟ್ಟಕ್ಕೆ ಕೂರಿಸುತ್ತಾರೆ, ಹಬ್ಬ ಮುಗಿದ ಮೇಲೆ ಮಲಗಿಸುತ್ತಾರೆ.

“ಎಬ್ಬಿಸಿದ್ರೆ ಏನಾಗತ್ತೆ ಆಂಟಿ?”

“ಜೋಡಿ ಕಣೇ ಅದು. ಬೇರೆ ಮಾಡಬಾರ್ದು, ಮನೆ ಯಜಮಾನ್ರಿಗೆ ಒಳ್ಳೇದಲ್ಲ ಅಂತಾರೆ.”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಆಂಟಿ ಎದ್ದು ಹೋದರು. ನಾನು ಟ್ರಂಕಿನ ಮುಂದೆ ಒಬ್ಬಳೇ ಉಳಿದೆ. ಕಿರಾಣಿ ಅಂಗಡಿಯ ಶೆಟ್ಟರ ಗೊಂಬೆಯನ್ನು ಎತ್ತಿ ನೋಡಿದೆ. ಬರಿಮೈ, ದೊಡ್ಡ ಹೊಟ್ಟೆ, ಮುಂದೆ ಅಕ್ಕಿ ಬೇಳೆಯ ಮೂಟೆಗಳು. ಇವರು ನಕ್ಷತ್ರ ನೋಡಿಕೊಂಡು ಮರುಭೂಮಿ ದಾಟಿ ಬಂದವರೆಂದರೆ ಸಿಸ್ಟರಿರಲಿ, ಕತ್ತೆಯೂ ನಂಬುತ್ತಿರಲಿಲ್ಲ. ಪಟ್ಟದ ರಾಜನಾದರೋ ಮೈಸೂರು ಪೇಟ, ತಿರುವಿದ ಮೀಸೆ, ಜರಿಯ ಅಂಗಿ. ಇಂಥ ರಾಜ ಜೆ.ಪಿ. ನಗರದವರ ಏಳು ತಲೆಮಾರಿಗೂ ಸಿಕ್ಕುವವನಲ್ಲ. ಇನ್ನೊಂದು ಸೀಟಿ ಕೂಗುವಷ್ಟರಲ್ಲಿ ರಾಜ ನನ್ನ ಸ್ವೆಟರಿನೊಳಗಿದ್ದ. ಬಟ್ಟೆಯ ಮಡಿಕೆಯನ್ನು ರಾಣಿಯ ಮೇಲೆ ಎಳೆದುಬಿಟ್ಟು, ಶೆಟ್ಟರನ್ನು ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೊರಟೆ.

“ಶೆಟ್ರು ಜೋಪಾನ” ಎಂದು ಆಂಟಿ ಒಳಗಿನಿಂದಲೇ ಕೂಗಿದರು.

ಕದಿಯುವಾಗ ಹೊಳೆಯದ ಒಂದು ಸಂಗತಿ ಗೇಟು ದಾಟಿದ ಮೇಲೆ ಹೊಳೆಯಿತು. ಟ್ರಂಕು ಇನ್ನು ತೆರೆಯುವುದು ಬರುವ ದಸರಾಕ್ಕೆ. ರಾಜನನ್ನು ತರುವುದಕ್ಕೆ ದಾರಿ ಸಿಕ್ಕಿತ್ತು, ವಾಪಸು ಮಲಗಿಸುವುದಕ್ಕೆ ದಾರಿಯಿರಲಿಲ್ಲ.

ಆ ಶನಿವಾರ ಶ್ರೀನಿವಾಸ ಅಂಕಲ್ ಬರಲಿಲ್ಲ. ಬ್ಯಾಂಕಿನಲ್ಲಿ ಏನೋ ಇನ್‌ಸ್ಪೆಕ್ಷನ್ ಅಂತೆ ಎಂದು ಆಂಟಿ ಗೋಡೆಯಾಚೆಯಿಂದ ಅಮ್ಮನಿಗೆ ಹೇಳುತ್ತಿದ್ದರು. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಇನ್‌ಸ್ಪೆಕ್ಷನ್ನೂ ಅಲ್ಲ, ಏನೂ ಅಲ್ಲ, ನಾನು ರಾಜನನ್ನು ಎಬ್ಬಿಸಿದ್ದಕ್ಕೇ ಅಂಕಲ್ ದಾರಿ ತಪ್ಪಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮುಂದಿನ ಶನಿವಾರವೂ ಅವರು ಬರಲಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ನಾನು ಕಳ್ಳಿ, ಅವರ ಕಡೆಯ ಲೆಕ್ಕದಲ್ಲಿ ಒಂದು ಸಂಸಾರವನ್ನು ಬೇರೆ ಮಾಡಿದವಳು. ಎರಡು ಧರ್ಮದ ಪಾಪ ಒಟ್ಟಿಗೆ ಒಂದೇ ಹೊಟ್ಟೆಯಲ್ಲಿ ಕೂತರೆ ಊಟ ಸೇರುವುದಿಲ್ಲ. ಅಮ್ಮ ಜಂತುಹುಳದ ಔಷಧ ಕೊಟ್ಟರು.

ಆಂಟಿ ಮಾತ್ರ ಆ ದಿನಗಳಲ್ಲಿ ಎಂದಿಗಿಂತ ಹೆಚ್ಚು ಮಾತಾಡಿಸುತ್ತಿದ್ದರು. ಸಂಜೆ ಗೋಡೆಯ ಮೇಲಿಂದ ಬಿಸಿ ಚಕ್ಕುಲಿಯ ತಟ್ಟೆ ಚಾಚಿ ನಿಲ್ಲುತ್ತಿದ್ದರು.

“ಏನೇ ಲೂರ್ದು, ಶೆಟ್ರು ಹೇಗಿದಾರೆ?”

“ಚೆನ್ನಾಗಿದಾರೆ ಆಂಟಿ.”

“ಅಲ್ಲಿ ಒಬ್ರಿಗೇ ಬೇಜಾರಾಗಲ್ವಾ?”

“ಇಲ್ಲ ಆಂಟಿ, ಕುರಿಗಳಿದಾವೆ.”

“ಮತ್ತೇನು ವಿಶೇಷ?”

“ಏನಿಲ್ಲ ಆಂಟಿ.”

ಚಕ್ಕುಲಿ ತಿನ್ನುವ ಮನಸ್ಸಿರಲಿಲ್ಲ. ಆದರೂ ತಿನ್ನುತ್ತಿದ್ದೆ, ತಿನ್ನದಿದ್ದರೆ ಅನುಮಾನ ಬರುತ್ತದಲ್ಲ.

ಕ್ರಿಸ್‌ಮಸ್‌ಗೆ ಮೊದಲು ಮಕ್ಕಳೆಲ್ಲ ಪಾಪನಿವೇದನೆ ಮಾಡಬೇಕು. ಜಾಲರಿಯ ಆಚೆ ಫಾದರ್, ಈಚೆ ಮಂಡಿಯೂರಿದ ನಾವು. ಸಾಮಾನ್ಯವಾಗಿ ಇದಕ್ಕೆ ನಮ್ಮಲ್ಲಿ ಸಿದ್ಧ ಪಟ್ಟಿಯೊಂದಿತ್ತು. ಸುಳ್ಳು ಹೇಳಿದ್ದೇನೆ, ಪ್ರಾರ್ಥನೆ ಮರೆತಿದ್ದೇನೆ, ತಮ್ಮನಿಗೆ ಹೊಡೆದಿದ್ದೇನೆ. ಸಾಲಿನಲ್ಲಿ ಮುಂದೆ ನಿಂತವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಮನೆಗೊಬ್ಬನೇ ಮಗನಾದ ರಾಬರ್ಟನೂ ಪ್ರತಿ ಸಲ ತಮ್ಮನಿಗೆ ಹೊಡೆದು ಕ್ಷಮೆ ಪಡೆದು ಬರುತ್ತಿದ್ದ. ಆ ವರ್ಷ ಮೊದಲ ಬಾರಿಗೆ ನನ್ನ ಬಳಿ ನನ್ನದೇ ಆದ ಪಾಪವೊಂದಿತ್ತು.

“ಫಾದರ್, ಒಬ್ಬ ರಾಜನ್ನ ಎತ್ಕೊಂಡು ಬಂದ್ಬಿಟ್ಟಿದೀನಿ.”

ಫಾದರ್ ರಾಯಪ್ಪನವರು ಕಿವಿಯನ್ನು ಜಾಲರಿಯ ಹತ್ತಿರ ತಂದರು.

“ಎಲ್ಲಿಂದಮ್ಮ?”

“ಪಕ್ಕದ ಮನೆ ಟ್ರಂಕಿಂದ.”

“ಜೀವ ಇದೆಯಾ?”

“ಮರದ್ದು ಫಾದರ್. ದಸರಾ ಗೊಂಬೆ. ಗೋದಲಿಗೆ.”

ಜಾಲರಿಯ ಆಚೆ ಕೆಮ್ಮಿದಂತಾಯಿತು. “ಮೂರು ನಮೋ ಮರಿಯೆ ಹೇಳು. ಆಮೇಲೆ ಆಯಮ್ಮಂಗೆ ನೀನೇ ಬಾಯ್ಬಿಟ್ಟು ಹೇಳು.”

“ಎರಡನೇದು ಬಿಟ್ಟು ಹತ್ತು ನಮೋ ಮರಿಯೆ ಹೇಳ್ಲಾ ಫಾದರ್?”

“ಇದೇನು ಸಿಟಿ ಮಾರ್ಕೆಟ್ಟಾ? ಹೋಗು.”

ಜಾಲರಿಯಲ್ಲಿ ಕೇಳಿದ್ದನ್ನು ಫಾದರ್ ಹೊರಗೆ ಎಲ್ಲಿಯೂ ಆಡುವಂತಿಲ್ಲ, ಪ್ರಾಣ ಹೋದರೂ ಆಡುವಂತಿಲ್ಲ. ಅದು ನಿಯಮ. ಆ ನಿಯಮದ ಮೇಲೆ ನನಗೆ ಆ ವರ್ಷ ಹುಟ್ಟಿದಷ್ಟು ಪ್ರೀತಿ ಮತ್ತೆಂದೂ ಹುಟ್ಟಲಿಲ್ಲ. ಯಾಕೆಂದರೆ ಗೋದಲಿ ಸ್ಪರ್ಧೆಯ ತೀರ್ಪುಗಾರರೂ ಅವರೇ.

ಕ್ರಿಸ್‌ಮಸ್ ಬೆಳಿಗ್ಗೆ ಪೂಜೆ ಮುಗಿಸಿ ಫಾದರ್ ಕಾಗದ ಪೆನ್ನು ಹಿಡಿದು ಹೊರಟರು, ಹಿಂದೆ ಸಿಸ್ಟರ್. ಜೆ.ಪಿ. ನಗರದ ಜಲಪಾತಕ್ಕೆ ಆ ಸಲ ಬಣ್ಣದ ದೀಪವೂ ಬಂದಿತ್ತು. ನಮ್ಮ ಗೋದಲಿಯಲ್ಲಿ ರಾಗಿ ಪೈರು ನಿಜವಾಗಿಯೂ ಹುಲುಸಾಗಿತ್ತು. ಮೂಲೆಯಲ್ಲಿ ಶೆಟ್ಟರು ಕೂತಿದ್ದರು. ಅವರನ್ನು ನಾವು ಛತ್ರದ ಯಜಮಾನರನ್ನಾಗಿ ಮಾಡಿದ್ದೆವು, ಮೇರಿ ಜೋಸೆಫರಿಗೆ ಜಾಗವಿಲ್ಲ ಎಂದು ಹೇಳಿ ಕಳಿಸಿದವರು. ಮುಖದ ಕಳೆ ಅದಕ್ಕೆ ಸರಿಯಾಗಿ ಹೊಂದಿತ್ತು. ಪೈರಿನ ನಡುವಿನ ದಾರಿಯಲ್ಲಿ ಇಬ್ಬರು ಪ್ಲಾಸ್ಟರಿನ ರಾಜರು, ಅವರ ಹಿಂದೆ ಮೀಸೆ ತಿರುವಿದ ಮೂರನೆಯವರು.

ಫಾದರ್ ಬಗ್ಗಿ ನೋಡಿದರು. ಪೆನ್ನು ನಿಂತಿತು. ಆಮೇಲೆ ನನ್ನನ್ನು ನೋಡಿದರು.

“ಈ ರಾಜ್ರು ಎಲ್ಲಿಂದ ಬಂದ್ರು?”

“ಪೂರ್ವದಿಂದ ಫಾದರ್” ಅಂದೆ. ಸುಳ್ಳಲ್ಲ. ಆಂಟಿಯ ಮನೆ ನಮ್ಮ ಮನೆಗೆ ಪೂರ್ವಕ್ಕೇ ಇತ್ತು.

“ಹಣೆ ಮೇಲೆ ಏನದು?” ಅಂದರು ಸಿಸ್ಟರ್. ನಾವು ಅಂಟಿಸಿದ್ದ ಬಂಗಾರದ ಕಾಗದ ಜಾರಿ, ಕುಂಕುಮದ ಬೊಟ್ಟು ಎದ್ದು ಕಾಣುತ್ತಿತ್ತು.

“ದಾರೀಲಿ ಪೆಟ್ಟಾಗಿದೆ ಸಿಸ್ಟರ್” ಅಂದ ರಾಬರ್ಟ.

ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಅಮ್ಮನ ದನಿ ಕೇಳಿಸಿತು. ತಿರುಗಿ ನೋಡಿದರೆ ಅಮ್ಮನ ಜೊತೆ ಪದ್ಮಾ ಆಂಟಿ. ಅವರ ಹಿಂದೆ ಸ್ಕೂಟರಿಗೆ ಸ್ಟ್ಯಾಂಡು ಹಾಕುತ್ತ ನಿಂತವರು ಸಾಕ್ಷಾತ್ ಶ್ರೀನಿವಾಸ ಅಂಕಲ್. ರಾಜ ಇನ್ನೂ ಬೆತ್ಲೆಹೇಮಿನಲ್ಲೇ ಇದ್ದ, ಅಂಕಲ್ ಆರಾಮವಾಗಿ ಶಿವಮೊಗ್ಗದಿಂದ ಬಂದಿದ್ದರು. ಎದೆಯ ಮೇಲಿಂದ ಒಂದು ಭಾರ ಇಳಿಯಿತು, ಇನ್ನೊಂದು ಏರಿತು. ಬೆಳಿಗ್ಗೆ ಕಜ್ಜಾಯದ ತಟ್ಟೆ ಕೊಡಲು ಹೋದ ಅಮ್ಮ, “ನಿಮ್ಮ ರಾಗಿ ಪೈರು ನೋಡೋಕೆ ಬನ್ನಿ” ಎಂದು ಕರೆದುಬಿಟ್ಟಿದ್ದರಂತೆ.

ಆಂಟಿ ಹ್ಯಾಂಡ್‌ಬ್ಯಾಗನ್ನು ಕಂಕುಳಲ್ಲಿ ಒತ್ತಿ ಹಿಡಿದು ನಮ್ಮ ಗೋದಲಿಯ ಮುಂದೆ ನಿಂತರು. ರಾಗಿಯನ್ನು ನೋಡಿದರು. ಶೆಟ್ಟರನ್ನು ನೋಡಿದರು. ರಾಜನ ಮೇಲೆ ಅವರ ಕಣ್ಣು ಬಿತ್ತು, ಅಲ್ಲೇ ನಿಂತಿತು, ಮುಂದಕ್ಕೆ ಹೋಯಿತು.

“ರಾಗಿ ಚೆನ್ನಾಗಿ ಬಂದಿದೆ ಕಣೇ” ಅಂದರು. ಅಷ್ಟೇ. ಕೂಗಾಡಿದ್ದರೆ ರಾಬರ್ಟನ ಮೇಲೆ ಹಾಕಿ ಪಾರಾಗುತ್ತಿದ್ದೆನೋ ಏನೋ. ಅವರು ಸುಮ್ಮನೆ ಪೈರಿನ ತುದಿಯನ್ನು ಬೆರಳಲ್ಲಿ ಸವರುತ್ತ ನಿಂತರು. ಫಾದರ್ ಆಕಾಶ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಆಂಟಿ, ರಾಜನ್ನ ನಾನೇ ಕದ್ದಿದ್ದು” ಅಂದುಬಿಟ್ಟೆ. ಅಳು ಬಂತು, ಮೂಗಿನಿಂದಲೂ ಬಂತು.

“ಹೂಂ” ಅಂದರು ಆಂಟಿ. ಕಂಕುಳಿನ ಬ್ಯಾಗು ತೆಗೆದು, ಜಿಪ್ಪು ಎಳೆದು, ಬಿಳಿ ಬಟ್ಟೆ ಬಿಚ್ಚಿದರು. ಒಳಗೆ ರಾಣಿ. “ಇವಳನ್ನ ಎಲ್ಲಿಡ್ಲಿ ಹೇಳು.”

ಸಿಸ್ಟರ್ ಮುಂದೆ ಬಂದರು. “ಅಮ್ಮಾ, ಬಂದಿದ್ದು ಮೂರು ಜನ ರಾಜರು. ರಾಣಿ ಬರ್ಲಿಲ್ಲ.”

“ಅಷ್ಟು ದೂರ ಹೆಂಡ್ತಿ ಬಿಟ್ಟು ಹೋಗ್ತಾರಾ ಸಿಸ್ಟರ್? ದಾರಿಗೆ ಬುತ್ತಿ ಯಾರು ಕಟ್ಟಿಕೊಟ್ರು ಮತ್ತೆ?”

ಸಿಸ್ಟರ್ ಫಾದರ್ ಕಡೆ ನೋಡಿದರು. ಫಾದರ್ ಆಕಾಶದಿಂದ ಇಳಿದು ಬಂದು, “ಮೂರು ಜನ ಅಂತ ಸುವಾರ್ತೇಲಿ ಎಲ್ಲೂ ಬರ್ದಿಲ್ಲ ಸಿಸ್ಟರ್. ಕಾಣಿಕೆ ಮೂರು ಅಂತಿದೆ, ಅಷ್ಟೇ. ಇಡಿ, ಇಡಿ” ಅಂದರು. ಹೀಗೆ ಬೆತ್ಲೆಹೇಮಿನ ದಾರಿಯಲ್ಲಿ ಬಸವನಗುಡಿಯ ರಾಣಿಯೊಬ್ಬಳು ರಾಗಿ ಪೈರಿನ ನಡುವೆ ಗಂಡನ ಪಕ್ಕ ಹೋಗಿ ನಿಂತಳು.

ಬಹುಮಾನ ಜಲಪಾತಕ್ಕೇ ಹೋಯಿತು. ನಮಗೆ ಸಮಾಧಾನಕರ ಬಹುಮಾನವೆಂದು ಒಂದೊಂದು ಸ್ಟೀಲ್ ಲೋಟ ಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಆಂಟಿಯ ಪಕ್ಕ ಕೂತಿದ್ದೆ. ಅಂಕಲ್ ಸ್ಕೂಟರಿನಲ್ಲಿ ಮುಂದೆ ಹೋಗಿದ್ದರು.

“ಯಾವಾಗ ಗೊತ್ತಾಯ್ತು ಆಂಟಿ?”

“ಟ್ರಂಕು ಮುಚ್ಚುವಾಗ್ಲೇ. ಅವಳ ಮುಖದ ಮೇಲೆ ಬಟ್ಟೆ ಹೊದಿಸಿದ್ಯಲ್ಲ, ನಾನು ಯಾವತ್ತೂ ಮುಖ ಮುಚ್ಚಲ್ಲ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಅದಕ್ಕೆ ಹನ್ನೊಂದು ದಿನ ಕಾದೆ.”

“ಇವತ್ತೂ ಹೇಳ್ದೆ ಇದ್ದಿದ್ರೆ?”

“ಬ್ಯಾಗು ತೆಗೀದೆ ಹಾಗೇ ವಾಪಸ್ ಬರ್ತಿದ್ದೆ” ಅಂದರು ಆಂಟಿ.

ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿಕೊಂಡೆ. ಚಕ್ಕುಲಿಯ ತಟ್ಟೆಗಳೆಲ್ಲ ಒಂದೊಂದಾಗಿ ನೆನಪಾದವು. ಬೈಸಿಕೊಂಡದ್ದು ಎಷ್ಟೋ ಮರೆತಿದೆ, ಬೈಸಿಕೊಳ್ಳದ ಆ ದಿನ ಮರೆತಿಲ್ಲ.

ಮುಂದೆ ನನ್ನ ಮದುವೆ ಅದೇ ಚರ್ಚಿನಲ್ಲಾಯಿತು. ಆಂಟಿ ಮೊದಲ ಸಾಲಿನಲ್ಲಿ ಕೂತಿದ್ದರು, ಎಲ್ಲರೂ ಎದ್ದಾಗ ತಡವಾಗಿ ಎದ್ದು, ಎಲ್ಲರೂ ಕೂತಾಗ ತಡವಾಗಿ ಕೂತು. ಊಟದ ಹೊತ್ತಿಗೆ ಒಂದು ಬಟ್ಟೆಯ ಗಂಟನ್ನು ನನ್ನ ಮಡಿಲಿಗೆ ಹಾಕಿದರು. ಬಿಚ್ಚಿದರೆ ಜೋಡಿ.

“ಇದು ಮಗಳಿಗೆ ಕೊಡೋದಲ್ವಾ ಆಂಟಿ?” ಅಂದೆ.

“ಮತ್ತೆ ಯಾರಿಗೆ ಕೊಡ್ತಿದೀನಿ ಅನ್ಕೊಂಡೆ? ದೊಡ್ಡ ಸೊಸೆ ಅವರಮ್ಮನ ಮನೆಯಿಂದ ತಂದಿರೋ ಜೋಡಿ ನಮ್ಮನೇಲಿದೆ. ಇದನ್ನ ನೀನಿಟ್ಕೋ. ಇನ್ಮೇಲೆ ಕದಿಯೋ ಕಷ್ಟ ತಪ್ತು ನಿಂಗೆ.”

ನನ್ನ ಅತ್ತೆ ಬಗ್ಗಿ ನೋಡಿ ಯಾವ ಸಂತರು ಇವರು ಎಂದು ಕೇಳಿದರು. ನಾನು ನಗುತ್ತಲೂ ಅಳುತ್ತಲೂ ಗಂಟನ್ನು ಮತ್ತೆ ಕಟ್ಟಿದೆ. ಅವತ್ತಿನಿಂದ ಅವರಿಬ್ಬರಿಗೆ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಡ್ಯೂಟಿ, ದಸರಾಕ್ಕೊಮ್ಮೆ, ಕ್ರಿಸ್‌ಮಸ್‌ಗೊಮ್ಮೆ. ಉಳಿದ ದಿನ ಶೋಕೇಸಿನಲ್ಲಿ ಪಕ್ಕಪಕ್ಕ ಮಲಗಿರುತ್ತಾರೆ.

ಈಗ ನನ್ನ ಮಗಳು ನಿಶಾ ಆರನೇ ಕ್ಲಾಸು. ಅದೇ ಚರ್ಚು, ಅದೇ ಧರ್ಮೋಪದೇಶ, ರಬ್ಬರ್ ಸ್ಟ್ಯಾಂಪಿನ ಜಾಗದಲ್ಲಿ ಈಗ ವಾಟ್ಸ್ಯಾಪ್ ಗುಂಪು. ಸಿಸ್ಟರ್ ಹೊಸಬರು, ಹುಡುಗಿಯಂತೆ ಕಾಣುತ್ತಾರೆ. ಗುಂಪಿನಲ್ಲಿ ಕುರಿಯ ಪಾತ್ರಕ್ಕೆ ಹೆಸರು ಕರೆದರೆ ತಾಯಂದಿರು ಬರೀ ಕೈಮುಗಿಯುವ ಚಿತ್ರ ಹಾಕಿ ಜಾರಿಕೊಳ್ಳುತ್ತಾರೆ. ಮಕ್ಕಳು ಈ ವರ್ಷ ಆನ್‌ಲೈನಿನಲ್ಲಿ ತರಿಸಿದ ಗೋದಲಿ ಸೆಟ್ಟಿನಲ್ಲಿ ಒಂಟೆ ಎರಡು, ರಾಜರೂ ಇಬ್ಬರೇ. ನನಗೆ ಅದು ಗೊತ್ತಿರಲಿಲ್ಲ. ಶುಕ್ರವಾರ ಶೋಕೇಸು ಒರೆಸುವಾಗ ರಾಣಿ ಒಬ್ಬಳೇ ಮಲಗಿದ್ದಳು, ಮುಖದ ಮೇಲೆ ಬಟ್ಟೆ ಹೊದಿಸಿತ್ತು.

ಕೇಳಬಾರದು ಎಂದುಕೊಂಡೆ. ಶುಕ್ರವಾರ ರಾತ್ರಿ ಊಟಕ್ಕೆ ಅವಳ ಇಷ್ಟದ ಪುಳಿಯೋಗರೆ ಮಾಡಿ, “ಮತ್ತೇನು ವಿಶೇಷ?” ಅಂದೆ. “ಏನಿಲ್ಲ ಮಮ್ಮಿ” ಅಂದಳು. ಶನಿವಾರ ಅವಳ ಜೊತೆ ಕೂತು ಹೋಮ್‌ವರ್ಕ್ ಮಾಡಿಸಿದೆ, ಕೂದಲಿಗೆ ಎಣ್ಣೆ ಹಚ್ಚಿದೆ, ಎಲ್ಲಿಯಾದರೂ ಬಾಯಿಬಿಡುತ್ತಾಳೇನೋ ಎಂದು ಕಿವಿ ತೆರೆದುಕೊಂಡೇ ಇದ್ದೆ. ನನ್ನ ಕೈ ಎಷ್ಟು ಸಲ ಶೋಕೇಸಿನ ಕಡೆ ತೋರಿಸಲು ಹೋಯಿತೋ ನನಗೇ ಗೊತ್ತು. ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

“ರಾಜ ಎಲ್ಲೇ?”

“ಯಾವ ರಾಜ?” ಅಂದಳು ಮೊದಲು. ಆಮೇಲೆ ತಟ್ಟೆ ನೋಡುತ್ತ, “ಚರ್ಚಲ್ಲಿದಾನೆ. ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ” ಎಂದು ಹೇಳಿ, ಅರ್ಧ ದೋಸೆ ಬಿಟ್ಟು, ಅಪ್ಪನ ಬೈಕು ಹತ್ತಿ ಪೂಜೆಗೆ ಹೊರಟೇ ಹೋದಳು. ನಾನು ರಾಣಿಯನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ರೋ ಹಿಡಿದೆ. ಆ ತಪಾಸಣೆಯ ಹುಡುಗಿಯನ್ನು ನೀವು ಆಗಲೇ ನೋಡಿದ್ದೀರಿ.

ಚರ್ಚಿನ ಅಂಗಳದಲ್ಲಿ ರಾಣಿಯನ್ನು ರಾಜನ ಪಕ್ಕ ನಿಲ್ಲಿಸಿದೆ. ನಿಶಾ ದೂರದಲ್ಲಿ ನಿಂತು ನೋಡಿದಳು, ಹತ್ತಿರ ಬರಲಿಲ್ಲ. ಆಂಟಿಗೆ ಫೋನು ಮಾಡಿದೆ. ಅವರಿಗೀಗ ಮಂಡಿನೋವು, ಕಿವಿ ಮಾತ್ರ ಚುರುಕು.

“ಆಂಟಿ, ಈ ಸಲ ಮಗಳು.”

“ರಾಜಾನೋ ರಾಣೀನೋ?”

“ರಾಜ.”

ಆಂಟಿ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಸುಧಾರಿಸಿಕೊಂಡು, “ಅವಳಾಗವಳೇ ಹೇಳಿದ್ಳಾ?” ಎಂದು ಕೇಳಿದರು.

“ಇಲ್ಲ ಆಂಟಿ. ಎರಡು ದಿನ ಕಾದೆ. ಆಮೇಲೆ ನಾನೇ ಕೇಳ್ಬಿಟ್ಟೆ.”

ಆ ಕಡೆಯಿಂದ ನಾಲಿಗೆ ಲೊಚಗುಟ್ಟಿದ ಸದ್ದು ಬಂತು.

“ಛೆ, ಕೆಡಿಸ್ಬಿಟ್ಯಲ್ಲೇ ಲಾರಿ” ಅಂದರು ಆಂಟಿ. “ಇನ್ನು ಒಂಬತ್ತು ದಿನ ತಡ್ಕೊಂಡಿದ್ರೆ ಅವಳೇ ಹೇಳ್ತಿದ್ಳು.”